ಗುರಾಣಿಯ ಮೇಲೆ ಬರೆದ ನೆಂಟಸ್ತನ

ಮೈಸೂರು ಸೀಮೆಯವರಿಗೆ ಗಂಡಭೇರುಂಡದ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದ ಆವಶ್ಯಕತೆಯಿಲ್ಲ. ಎರಡು ತಲೆಯ ಆ ಪಕ್ಷಿಯನ್ನು ಎಲ್ಲಿ ಕಂಡರೂ ಇದು ಒಡೆಯರ ಮನೆತನದ ಗುರುತೆಂದು ಎಳೆಯ ಮಕ್ಕಳು ಕೂಡ ಹೇಳಬಲ್ಲರು. ಪೂರ್ವಕಾಲದ ಅರಸರಿಗೂ ಇಂತಹ ಲಾಂಛನಗಳಿದ್ದುವು. ಚಾಲುಕ್ಯರಿಗೆ ವರಾಹ, ತಲಕಾಡಿನ ಗಂಗರಿಗೆ ಆನೆ, ಕದಂಬರಿಗೆ ಸಿಂಹ. ಈ ಮನೆತನಗಳು ಒಂದಕ್ಕೊಂದು ಹೆಣ್ಣು ಕೊಟ್ಟು ಹೆಣ್ಣು ತಂದುದು ಶಾಸನಗಳಿಂದ ತಿಳಿಯುತ್ತದೆ. ಗೋವೆಯ ಕದಂಬರ ಇಮ್ಮಡಿ ಜಯಕೇಶಿಯು ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ ಮಗಳು ಮೈಳಲದೇವಿಯನ್ನು ಮದುವೆಯಾದನು. ಆಗಿನ ದಕ್ಷಿಣಾಪಥದಲ್ಲಿ ಅದಕ್ಕಿಂತ ದೊಡ್ಡ ಸಂಬಂಧವಿರಲಿಲ್ಲ. ಆದರೂ ಅವರ ಮಗನಾದ ಶಿವಚಿತ್ತ ಪೆರ್ಮಾಡಿಯ ಚಿನ್ನದ ನಾಣ್ಯವನ್ನು ಕೈಗೆತ್ತಿಕೊಂಡು ನೋಡಿದರೆ ಅಲ್ಲಿ ನಿಂತಿರುವುದು ತಂದೆಯ ಕುಲದ ಸಿಂಹ. ತಾಯಿಯ ತವರಿನ ವರಾಹ ಅಲ್ಲಿಲ್ಲ. ಅರಸನ ತಾಯಿ ಯಾರೆಂಬುದನ್ನು ಶಾಸನ ಹೇಳುತ್ತದೆ, ಲಾಂಛನ ಹೇಳುವುದಿಲ್ಲ.

ಯುರೋಪಿನಲ್ಲಿ, ವಿಶೇಷವಾಗಿ ಇಂಗ್ಲೆಂಡಿನಲ್ಲಿ, ಇದು ಬೇರೆ ಬಗೆಯಾಗಿ ಬೆಳೆಯಿತು. ಅಲ್ಲಿಯ ಶ್ರೀಮಂತರ ಗುರಾಣಿಯು ಕುಲದ ಹೆಸರನ್ನು ಮಾತ್ರವಲ್ಲದೆ ಕುಲದ ನೆಂಟಸ್ತನವನ್ನೂ ಹೇಳತೊಡಗಿತು. ಹೆಂಡತಿ ಯಾರ ಮಗಳು, ತಾಯಿ ಯಾರ ಮಗಳು, ಅಜ್ಜಿ ಯಾವ ಮನೆಯಿಂದ ಬಂದವಳು ಎಂಬುದನ್ನೆಲ್ಲ ಬಣ್ಣದಲ್ಲಿಯೂ ಗೆರೆಯಲ್ಲಿಯೂ ಬರೆಯುವ ಒಂದು ವ್ಯಾಕರಣವೇ ಹುಟ್ಟಿತು. ಈ ವ್ಯಾಕರಣವು ಹೇಗೆ ಹುಟ್ಟಿತು, ಅದು ನಿಜವಾಗಿ ಯಾವುದನ್ನು ದಾಖಲೆ ಮಾಡುತ್ತದೆ ಎಂಬುದನ್ನು ಈ ಭಾಷಣದಲ್ಲಿ ಸ್ವಲ್ಪ ವಿಚಾರಮಾಡೋಣ.

ಕುಲಕ್ಕೆ ಸೇರಿದ, ತಂದೆಯಿಂದ ಮಗನಿಗೆ ಬರುವ ಲಾಂಛನಗಳು ಯುರೋಪಿನಲ್ಲಿ ಕಾಣಿಸಿಕೊಂಡುದು ೧೨ನೆಯ ಶತಮಾನದಲ್ಲಿ. ಅವುಗಳ ಮೊದಲ ಕಥೆಯೇ ಮದುವೆಯ ಕಥೆ. ೧೧೨೮ರಲ್ಲಿ ಇಂಗ್ಲೆಂಡಿನ ದೊರೆ ಮೊದಲನೆಯ ಹೆನ್ರಿಯು ತನ್ನ ಮಗಳು ಮಟಿಲ್ಡಳನ್ನು ಆಂಜೂ ಪ್ರಾಂತದ ಜೆಫ್ರಿ ಎಂಬ ತರುಣನಿಗೆ ಕೊಟ್ಟನು. ಮದುವೆಗೆ ಮುಂಚೆ ಅಳಿಯನಿಗೆ ವೀರದೀಕ್ಷೆಯನ್ನಿತ್ತು, ಚಿನ್ನದ ಸಿಂಹಗಳನ್ನು ಬರೆದ ಗುರಾಣಿಯೊಂದನ್ನು ಅವನ ಕೊರಳಿಗೆ ತೂಗುಹಾಕಿದನೆಂದು, ಕೆಲವು ದಶಕಗಳ ಬಳಿಕ ಬರೆದ ಒಬ್ಬ ಸಂನ್ಯಾಸಿಯ ಚರಿತ್ರೆಯು ಹೇಳುತ್ತದೆ. ಫ್ರಾನ್ಸಿನ ಲ ಮಾನ್ ಪಟ್ಟಣದಲ್ಲಿ ಜೆಫ್ರಿಯ ಸಮಾಧಿಗಾಗಿ ಮಾಡಿದ ಎನಾಮಲ್ ಫಲಕದಲ್ಲಿ ನೀಲಿಯ ಮೇಲೆ ಚಿನ್ನದ ಸಿಂಹಗಳುಳ್ಳ ಆ ಗುರಾಣಿಯನ್ನು ಈಗಲೂ ನೋಡಬಹುದು. ಅವನ ಮೊಮ್ಮಗನಾದ ವಿಲಿಯಂ ಲಾಂಗೆಸ್ಪೆ ೧೨೨೬ರಲ್ಲಿ ತೀರಿಕೊಂಡನು. ಸಾಲ್ಸ್‌ಬರಿಯ ದೇವಾಲಯದಲ್ಲಿರುವ ಅವನ ಸಮಾಧಿಯ ಮೇಲೂ ನೀಲಿಯ ಗುರಾಣಿ, ಆರು ಸಿಂಹ. ಮಾವನು ಕೊಟ್ಟ ಉಡುಗೊರೆಯು ಅಜ್ಜನಿಂದ ಮೊಮ್ಮಗನಿಗೆ ಬರುವಷ್ಟರಲ್ಲಿ ಕುಲದ ಸ್ವತ್ತಾಗಿತ್ತು.

ಲಾಂಛನವು ಸ್ವತ್ತಾದಮೇಲೆ ಒಂದು ತೊಡಕು ಹುಟ್ಟಿತು. ತಂದೆಯಿಂದ ಒಂದು ರಾಜ್ಯ, ತಾಯಿಯಿಂದ ಒಂದು ರಾಜ್ಯ ಬಂದವನು ಯಾವ ಗುರಾಣಿಯನ್ನು ಹಿಡಿಯಬೇಕು? ಇದಕ್ಕೆ ಸೊಗಸಾದ ಉತ್ತರ ಬಂದುದು ಸ್ಪೇನಿನಿಂದ. ಲಿಯಾನಿನ ದೊರೆ ಒಂಬತ್ತನೆಯ ಅಲ್ಫಾನ್ಸೊ, ಕಾಸ್ಟೀಲಿನ ರಾಜಪುತ್ರಿ ಬೆರೆಂಗೇಲ, ಇವರಿಬ್ಬರೂ ಹತ್ತಿರದ ರಕ್ತಸಂಬಂಧಿಗಳೆಂಬ ಕಾರಣದಿಂದ ಪೋಪನು ಅವರ ಮದುವೆಯನ್ನು ಮುರಿದುಹಾಕಿದನು. ಮಕ್ಕಳ ಹಕ್ಕು ಮಾತ್ರ ಉಳಿಯಿತು. ೧೨೧೭ರಲ್ಲಿ ಬೆರೆಂಗೇಲಳ ತಮ್ಮನಾದ ಬಾಲಕ ದೊರೆ ಎನ್ರಿಕೆಯು ತಲೆಯ ಮೇಲೆ ಹೆಂಚು ಬಿದ್ದು ಸತ್ತನು. ಕಾಸ್ಟೀಲು ಅಕ್ಕನಿಗೆ ಬಂದಿತು. ಅವಳು ಅದನ್ನು ತನ್ನ ಮಗ ಫರ್ನಾಂಡೋವಿಗೆ ಒಪ್ಪಿಸಿದಳು. ೧೨೩೦ರಲ್ಲಿ ತಂದೆ ತೀರಿಕೊಂಡಾಗ ಲಿಯಾನೂ ಅವನದಾಯಿತು. ಕಾಸ್ಟೀಲಿನ ಲಾಂಛನ ಕೋಟೆ, ಲಿಯಾನಿನದು ಸಿಂಹ; ಎರಡೂ ಆಯಾ ನಾಡಿನ ಹೆಸರನ್ನೇ ನುಡಿಯುವ ಚಿತ್ರಗಳು. ಗುರಾಣಿಯನ್ನು ನಾಲ್ಕು ಪಾಲು ಮಾಡಿ, ಒಂದನೆಯ ಮತ್ತು ನಾಲ್ಕನೆಯ ಪಾಲಿಗೆ ಕೋಟೆಯನ್ನೂ, ಎರಡನೆಯ ಮತ್ತು ಮೂರನೆಯ ಪಾಲಿಗೆ ಸಿಂಹವನ್ನೂ ಇಟ್ಟರು. ತಾಯಿಯ ಕಡೆಯಿಂದ ಬಂದ ಕೋಟೆಯೇ ಅಗ್ರಸ್ಥಾನವನ್ನು ಪಡೆದುದನ್ನು ನಾವು ಗಮನಿಸಬೇಕು. ಮುರಿದುಹೋದ ಆ ಮದುವೆಯ ಗುರುತು ಇಂದಿಗೂ ಸ್ಪೇನಿನ ರಾಜಲಾಂಛನದಲ್ಲಿ ನಿಂತಿದೆ.

ಈ ಫರ್ನಾಂಡೋವಿನ ಮಗಳು ಎಲಿಯನೋರ್ ೧೨೫೪ರಲ್ಲಿ ಇಂಗ್ಲೆಂಡಿನ ಯುವರಾಜ ಎಡ್ವರ್ಡನನ್ನು ವರಿಸಿ, ಮುಂದೆ ಇಂಗ್ಲೆಂಡಿನ ರಾಣಿಯಾದಳು. ೧೨೯೦ರಲ್ಲಿ ಅವಳು ತೀರಿಕೊಂಡಾಗ, ದೇಹವನ್ನು ಲಂಡನ್ನಿಗೆ ತಂದ ದಾರಿಯಲ್ಲಿ ರಾತ್ರಿ ತಂಗಿದ ಒಂದೊಂದೆಡೆಯಲ್ಲಿಯೂ ಅರಸನು ಒಂದೊಂದು ಶಿಲುಬೆಯ ಸ್ತಂಭವನ್ನು ಕಟ್ಟಿಸಿದನು. ಹನ್ನೆರಡರಲ್ಲಿ ಈಗ ಉಳಿದಿರುವುವು ಮೂರು. ಆ ಸ್ತಂಭಗಳ ಮೇಲೂ, ವೆಸ್ಟ್‌ಮಿನ್‌ಸ್ಟರಿನಲ್ಲಿರುವ ಅವಳ ಸಮಾಧಿಯ ಮೇಲೂ ಮೂರು ಬಗೆಯ ಗುರಾಣಿಗಳಿವೆ. ಗಂಡನ ಇಂಗ್ಲೆಂಡಿನದು ಒಂದು, ತಂದೆಯ ಕಾಸ್ಟೀಲು ಲಿಯಾನುಗಳದು ಒಂದು, ತಾಯಿಯ ಪಾಂತ್ಯೂ ಎಂಬ ನಾಡಿನದು ಮತ್ತೊಂದು. ಮೂರೂ ಬೇರೆಬೇರೆಯಾಗಿ, ಬೀಗರು ಪಂಕ್ತಿಯಲ್ಲಿ ಕುಳಿತಂತೆ ಇವೆ. ಗಂಡಹೆಂಡಿರ ಲಾಂಛನಗಳನ್ನು ಒಂದೇ ಗುರಾಣಿಯಲ್ಲಿ ಕೂಡಿಸುವ ವಿಧಾನವು ಆಗ ಇನ್ನೂ ಸ್ಥಿರಪಟ್ಟಿರಲಿಲ್ಲ.

ಕೂಡಿಸುವ ಮೊದಲ ಪ್ರಯತ್ನವು ಸ್ವಲ್ಪ ಒರಟಾಗಿತ್ತು. ಎರಡು ಗುರಾಣಿಗಳನ್ನೂ ನಡುವೆ ಸೀಳಿ, ಗಂಡನದರ ಬಲಭಾಗವನ್ನು ಹೆಂಡತಿಯದರ ಎಡಭಾಗಕ್ಕೆ ಅಂಟಿಸುತ್ತಿದ್ದರು. ಇದರ ಪರಿಣಾಮವನ್ನು ತಿಳಿಯಬೇಕಾದರೆ, ಮದುವೆಗೆ ಸಂಬಂಧಿಸದಿದ್ದರೂ ಇದೇ ರೀತಿಯಲ್ಲಿ ರಚಿತವಾದ ಗ್ರೇಟ್ ಯಾರ್ಮತ್ ಎಂಬ ರೇವುಪಟ್ಟಣದ ಲಾಂಛನವನ್ನು ನೋಡಬೇಕು. ಅರಸನ ಮೂರು ಸಿಂಹಗಳನ್ನೂ ಊರಿನ ಮೂರು ಮೀನುಗಳನ್ನೂ ಸೀಳಿ ಜೋಡಿಸಿದುದರಿಂದ, ಮುಂದೆ ಸಿಂಹ, ಹಿಂದೆ ಮೀನಿನ ಬಾಲವುಳ್ಳ ವಿಚಿತ್ರ ಪ್ರಾಣಿಗಳು ಅಲ್ಲಿ ಹುಟ್ಟಿಕೊಂಡಿವೆ. ಇಂತಹ ಅಪಹಾಸ್ಯಕ್ಕೆ ಎಡೆಗೊಡದೆ, ಎರಡು ಲಾಂಛನಗಳನ್ನೂ ಪೂರ್ಣವಾಗಿಯೇ ಕಿರಿದುಗೊಳಿಸಿ ಒಂದೇ ಗುರಾಣಿಯ ಎರಡು ಅರ್ಧಗಳಲ್ಲಿ ನಿಲ್ಲಿಸುವ ಪದ್ಧತಿಯು ಕ್ರಮೇಣ ರೂಢಿಗೆ ಬಂದಿತು. ಗುರಾಣಿ ಹಿಡಿದವನ ಬಲಕ್ಕೆ, ಎಂದರೆ ನೋಡುವವರ ಎಡಕ್ಕೆ, ಗಂಡನದು. ಇನ್ನೊಂದು ಪಕ್ಕಕ್ಕೆ ಹೆಂಡತಿಯದು. ಬಲಪಕ್ಕವೇ ಮರ್ಯಾದೆಯ ಪಕ್ಕ. ಯುದ್ಧಕ್ಕೆ ಹೋಗದ ಹೆಂಗಸಿಗೆ ಗುರಾಣಿ ಸಲ್ಲದೆಂದು ಕನ್ಯೆಯರಿಗೂ ವಿಧವೆಯರಿಗೂ ವಜ್ರಾಕೃತಿಯ ಫಲಕವನ್ನು ಗೊತ್ತುಮಾಡಿದರು.

ಈ ಬಲ ಎಡಗಳ ಮರ್ಯಾದೆಯು ಬರಿಯ ಅಲಂಕಾರದ ಮಾತಲ್ಲ. ೧೫೫೪ರ ಜುಲೈ ೨೫ರಂದು ಇಂಗ್ಲೆಂಡಿನ ರಾಣಿ ಮೇರಿಯು ಸ್ಪೇನಿನ ಫಿಲಿಪ್ಪನನ್ನು ವಿಂಚೆಸ್ಟರಿನಲ್ಲಿ ಮದುವೆಯಾದಳು. ಸಿಂಹಾಸನಕ್ಕೆ ಹಕ್ಕುಳ್ಳವಳು ಅವಳು. ಮದುವೆಯ ಒಪ್ಪಂದದಲ್ಲಿ ಫಿಲಿಪ್ಪನಿಗೆ ದೊರೆಯೆಂಬ ಬಿರುದನ್ನು ಕೊಟ್ಟಿದ್ದರೂ, ಮೇರಿಯು ಮಕ್ಕಳಿಲ್ಲದೆ ಸತ್ತರೆ ಅವನಿಗೆ ಇಂಗ್ಲೆಂಡಿನಲ್ಲಿ ಯಾವ ಹಕ್ಕೂ ಇಲ್ಲವೆಂದು ಕಟ್ಟುಮಾಡಿದ್ದರು. ಆದರೆ ಅವರಿಬ್ಬರ ಹೆಸರಿನಲ್ಲಿ ಹೊರಟ ಷಿಲಿಂಗು ನಾಣ್ಯವನ್ನು ನೋಡಿದರೆ, ಗಂಡನ ಪಕ್ಕದಲ್ಲಿ ಸ್ಪೇನಿನ ಕೋಟೆ ಸಿಂಹಗಳು ಮೊದಲಾದುವು, ಹೆಂಡತಿಯ ಪಕ್ಕದಲ್ಲಿ ಇಂಗ್ಲೆಂಡು. ರಾಜ್ಯನೀತಿಯು ಒಂದು ಹೇಳಿದರೆ ಗುರಾಣಿಯ ವ್ಯಾಕರಣವು ಮತ್ತೊಂದನ್ನು ಹೇಳಿತು. ಪರರಾಜನ ಆಳಿಕೆಗೆ ಅಂಜುತ್ತಿದ್ದ ಪ್ರಜೆಗಳಿಗೆ ತಮ್ಮ ಜೇಬಿನ ನಾಣ್ಯದಲ್ಲಿಯೇ ತಮ್ಮ ದೇಶವು ಎರಡನೆಯ ಪಕ್ಕದಲ್ಲಿ ನಿಂತಿತು. ೧೫೫೮ರಲ್ಲಿ ಮೇರಿಯು ಮಕ್ಕಳಿಲ್ಲದೆ ತೀರಿಕೊಂಡಳು. ಆ ಜೋಡಿ ಗುರಾಣಿಯ ಕಾಲವೂ ಮುಗಿಯಿತು.

ಇಲ್ಲಿಯೇ ಈ ಶಾಸ್ತ್ರದ ಮುಖ್ಯವಾದ ಭೇದವನ್ನು ಹೇಳಬೇಕಾಗಿದೆ. ಗಂಡಹೆಂಡಿರ ಲಾಂಛನಗಳನ್ನು ಪಕ್ಕಪಕ್ಕದಲ್ಲಿಟ್ಟ ಜೋಡಿ ಗುರಾಣಿಯು ಆ ದಂಪತಿಗಳ ಜೀವಮಾನಕ್ಕೆ ಮಾತ್ರ ಸಲ್ಲುವುದು. ಅವರ ಮಗನು ಸಾಮಾನ್ಯವಾಗಿ ತಂದೆಯ ಲಾಂಛನವನ್ನು ಮಾತ್ರ ಧರಿಸುವನು. ತಾಯಿಯದು ಅವಳೊಡನೆಯೇ ಮರೆಯಾಗುವುದು. ಇದಕ್ಕೆ ಒಂದೇ ಅಪವಾದ. ತಾಯಿಗೆ ಅಣ್ಣತಮ್ಮಂದಿರಿಲ್ಲದಿದ್ದರೆ, ಅಥವಾ ಇದ್ದವರು ಸಂತಾನವಿಲ್ಲದೆ ಸತ್ತಿದ್ದರೆ, ಅವಳು ತಂದೆಯ ವಾರಸುದಾರಳು. ಆಗ ಅವಳ ಗಂಡನು ತನ್ನ ಗುರಾಣಿಯ ನಟ್ಟನಡುವೆ ಅವಳ ಲಾಂಛನದ ಕಿರುಗುರಾಣಿಯೊಂದನ್ನು ಇಡಬಹುದು. ಅವಳ ಮಕ್ಕಳು ಕಾಸ್ಟೀಲು ಲಿಯಾನುಗಳ ರೀತಿಯಲ್ಲಿ ಗುರಾಣಿಯನ್ನು ಪಾಲುಮಾಡಿ ಅದನ್ನು ಶಾಶ್ವತವಾಗಿ ಸೇರಿಸಿಕೊಳ್ಳಬಹುದು. ಅಕ್ಕತಂಗಿಯರು ಹಲವರಿದ್ದರೆ ಎಲ್ಲರ ಮಕ್ಕಳಿಗೂ ಈ ಹಕ್ಕು ಸಮಾನ.

ಎಂದಮೇಲೆ, ಹಲವು ಪಾಲುಗಳಿಂದ ಮೆರೆಯುವ ಗುರಾಣಿಯನ್ನು ಕಂಡಾಗ ಎಷ್ಟೊಂದು ಮದುವೆಗಳು ಎಂದು ಬೆರಗಾಗುವ ಮೊದಲು ನಾವು ಮತ್ತೊಂದನ್ನು ನೆನೆಯಬೇಕು. ಅದರ ಒಂದೊಂದು ಪಾಲೂ ಗಂಡುಸಂತತಿ ನಿಂತುಹೋದ, ದೀಪವಾರಿದ ಒಂದೊಂದು ಮನೆ. ಗುರಾಣಿಯು ಮದುವೆಯ ಚಪ್ಪರವನ್ನು ಬರೆದಿಡುವುದಿಲ್ಲ. ಆಸ್ತಿಯು ಕೈಬದಲಾಯಿಸಿದ ಗಳಿಗೆಯನ್ನು ಬರೆದಿಡುತ್ತದೆ.

ಇದಕ್ಕೆ ನಿದರ್ಶನವಾಗಿ ೧೫ನೆಯ ಶತಮಾನದ ಒಂದು ಪ್ರಸಿದ್ಧ ಗುರಾಣಿಯನ್ನು ಓದೋಣ. ಇಂಗ್ಲೆಂಡಿನ ಗುಲಾಬಿ ಯುದ್ಧಗಳ ಚರಿತ್ರೆಯಲ್ಲಿ, ಅರಸರನ್ನು ಸಿಂಹಾಸನಕ್ಕೇರಿಸಿ ಇಳಿಸಿದವನೆಂದು ಹೆಸರಾದ ವಾರಿಕ್ಕಿನ ಅರ್ಲ್ ರಿಚರ್ಡ್ ನೆವಿಲ್ಲನನ್ನು ನಮ್ಮ ಶ್ರೋತೃಗಳಲ್ಲಿ ಅನೇಕರು ಬಲ್ಲರು. ಅವನ ಗುರಾಣಿಯಲ್ಲಿ ನಾಲ್ಕು ದೊಡ್ಡ ಪಾಲುಗಳು. ಮೊದಲನೆಯದರಲ್ಲಿ ಬೀಚಮ್ ಮತ್ತು ನ್ಯೂಬರೋ ಮನೆತನಗಳು; ಎರಡನೆಯದರಲ್ಲಿ ಮಾಂಟೆಗ್ಯು ಮತ್ತು ಮಾಂಥರ್ಮರ್; ನಾಲ್ಕನೆಯದರಲ್ಲಿ ಕ್ಲೇರ್ ಮತ್ತು ಡೆಸ್ಪೆನ್ಸರ್. ಅವನ ಸ್ವಂತ ಕುಲವಾದ ನೆವಿಲ್ಲರ ಕೆಂಪು ಹಲಗೆಯ ಮೇಲಣ ಬಿಳಿಯ ಓರೆಶಿಲುಬೆಯು ನಿಂತಿರುವುದು ಮೂರನೆಯ ಪಾಲಿನಲ್ಲಿ! ಪಿತೃಕುಲವನ್ನು ಮೂರನೆಯ ಸ್ಥಾನಕ್ಕೆ ಸರಿಸಿದವರು ಯಾರು? ಹೆಂಗಸರು, ಸರಿಯಾಗಿ ಹೇಳಬೇಕೆಂದರೆ, ಹೆಂಗಸರು ತಂದ ಭೂಮಿ.

ಒಂದೊಂದಾಗಿ ಬಿಡಿಸೋಣ. ಚಿನ್ನದ ಹಲಗೆಯ ಮೇಲೆ ಮನೆಯ ಮಾಡಿನಂತೆ ಇಳಿದ ಮೂರು ಕೆಂಪು ಪಟ್ಟೆಗಳು ಕ್ಲೇರ್ ಮನೆತನದವು. ಆ ಮನೆಯ ಕೊನೆಯ ಗಂಡು ಗಿಲ್ಬರ್ಟನು ೧೩೧೪ರಲ್ಲಿ ಬ್ಯಾನಕ್‌ಬರ್ನಿನ ರಣರಂಗದಲ್ಲಿ ಸ್ಕಾಟರ ಕೈಯಲ್ಲಿ ಮಡಿದನು. ಆಸ್ತಿ ಮೂವರು ಸೋದರಿಯರಿಗೆ ಹಂಚಿಹೋಯಿತು. ಅವರಲ್ಲಿ ಎಲಿಯನೋರಳು ಕೈಹಿಡಿದವನು ಒಬ್ಬ ಡೆಸ್ಪೆನ್ಸರ್. ನೂರು ವರ್ಷಗಳ ಮೇಲೆ, ೧೪೧೪ರಲ್ಲಿ, ಡೆಸ್ಪೆನ್ಸರ್ ಮನೆಯ ತರುಣ ವಾರಸುದಾರನೂ ತೀರಿಕೊಂಡು, ಎಲ್ಲವೂ ಅವನ ಸೋದರಿ ಇಸಬೆಲಳಿಗೆ ಬಂದಿತು. ೧೪೨೩ರಲ್ಲಿ ಅವಳನ್ನು ವಾರಿಕ್ಕಿನ ಅರ್ಲ್ ರಿಚರ್ಡ್ ಬೀಚಮ್ ಮದುವೆಯಾದನು. ವಿಂಡ್ಸರಿನ ಸಂತ ಜಾರ್ಜನ ಪ್ರಾರ್ಥನಾಮಂದಿರದಲ್ಲಿರುವ ಅವನ ಫಲಕದಲ್ಲಿ ಗುರಾಣಿಯ ನಡುವೆ ಕ್ಲೇರ್ ಡೆಸ್ಪೆನ್ಸರ್ ಲಾಂಛನಗಳ ಕಿರುಗುರಾಣಿಯುಂಟು. ಇಂಗ್ಲೆಂಡಿನಲ್ಲಿ ಈ ಕ್ರಮಕ್ಕೆ ದೊರೆಯುವ ಹಳೆಯ ಉದಾಹರಣೆಗಳಲ್ಲಿ ಅದೊಂದು. ಇನ್ನು ಮಾಂಟೆಗ್ಯು ಪಾಲು ನೆವಿಲ್ಲನ ತಾಯಿಯಾದ ಆಲಿಸಳದು. ಅವಳ ತಂದೆ, ಸಾಲ್ಸ್‌ಬರಿಯ ಅರ್ಲ್, ೧೪೨೮ರಲ್ಲಿ ಓರ್ಲಿಯನ್ಸಿನ ಮುತ್ತಿಗೆಯಲ್ಲಿ ಫಿರಂಗಿಯ ಪೆಟ್ಟಿನಿಂದ ಸತ್ತನು. ಅವನಿಗೆ ಇದ್ದವಳು ಒಬ್ಬಳೇ ಮಗಳು.

ಉಳಿದುದು ಬೀಚಮ್ ಪಾಲು, ನೆವಿಲ್ಲನ ಹೆಂಡತಿ ಆನಳದು. ಅದರ ಕಥೆಯಲ್ಲಿ ದೈವದ ಕೈವಾಡ ಎದ್ದುಕಾಣುತ್ತದೆ. ೧೪೩೦ರ ದಶಕದಲ್ಲಿ ಬೀಚಮ್ ನೆವಿಲ್ ಮನೆಗಳ ನಡುವೆ ಕೊಟ್ಟುತರುವ ಸಂಬಂಧ ನಡೆಯಿತು. ಬೀಚಮ್ಮರ ಮಗ ಹೆನ್ರಿಗೆ ನೆವಿಲ್ಲರ ಮಗಳು ಸಿಸಿಲಿ. ನೆವಿಲ್ಲರ ಮಗ ರಿಚರ್ಡನಿಗೆ ಬೀಚಮ್ಮರ ಮಗಳು ಆನ್. ಎಲ್ಲರೂ ಮಕ್ಕಳೇ. ಆ ದಿನ ಆನಳು ವಾರಸುದಾರಳಲ್ಲ, ಅವಳಿಗೆ ಸೋದರನಿದ್ದನು. ಆದರೆ ೧೪೪೬ರಲ್ಲಿ ಆ ಹೆನ್ರಿಯು ಪ್ರಾಯದಲ್ಲಿಯೇ ತೀರಿಕೊಂಡನು. ೧೪೪೯ರಲ್ಲಿ ಅವನ ಎಳೆಯ ಮಗಳೂ ತೀರಿಕೊಂಡಳು. ತಂದೆಯ ಮೊದಲ ಹೆಂಡತಿಯ ಮಕ್ಕಳಾದ ಮೂವರು ಅಕ್ಕಂದಿರು ತಮಗೂ ಹಕ್ಕುಂಟೆಂದು ವಾದಿಸಿದರೂ, ವಾರಿಕ್ಕಿನ ಪದವಿಯು ಆನಳ ಮೂಲಕ ಅವಳ ಗಂಡನಿಗೆ ಸಂದಿತು. ಒಂದೇ ಏರ್ಪಾಟಿನಲ್ಲಿ ಮನೆ ಬದಲಾಯಿಸಿದ ಇಬ್ಬರು ಹುಡುಗಿಯರಲ್ಲಿ ಸಿಸಿಲಿಗೆ ಅಣ್ಣತಮ್ಮಂದಿರು ಬದುಕಿದ್ದರು. ಅವಳ ತವರಿನ ಗುರುತನ್ನು ಅವಳ ಗಂಡನ ವಂಶದ ಗುರಾಣಿ ಉಳಿಸಿಕೊಳ್ಳಲಿಲ್ಲ. ಆನಳ ಸೋದರನು ಸತ್ತನು. ಅವಳ ತವರಿನ ಲಾಂಛನವು ಗಂಡನ ಗುರಾಣಿಯ ತಲೆಯಲ್ಲಿ ಕುಳಿತಿತು.

ಲಾಂಛನಕ್ಕೆ ದೊರೆತ ಮರ್ಯಾದೆ ಆ ಹೆಂಗಸಿಗೆ ದೊರೆಯಿತೇ? ೧೪೭೧ರ ಏಪ್ರಿಲ್ ೧೪ರಂದು ಬಾರ್ನೆಟ್ಟಿನ ಯುದ್ಧದಲ್ಲಿ ರಿಚರ್ಡ್ ನೆವಿಲ್ಲನು ಹತನಾದನು. ಅವನಿಗೂ ಗಂಡುಮಕ್ಕಳಿರಲಿಲ್ಲ. ಇದ್ದ ಇಬ್ಬರು ಹೆಣ್ಣುಮಕ್ಕಳಲ್ಲಿ ಇಸಬೆಲಳು ದೊರೆ ನಾಲ್ಕನೆಯ ಎಡ್ವರ್ಡನ ತಮ್ಮ ಕ್ಲಾರೆನ್ಸನ ಹೆಂಡತಿಯಾಗಿದ್ದಳು. ಕಿರಿಯ ಆನಳನ್ನು ಮತ್ತೊಬ್ಬ ತಮ್ಮ ಗ್ಲಾಸ್ಟರನು ಮದುವೆಯಾದನು. ಬೀಚಮ್ ಆಸ್ತಿಯ ನಿಜವಾದ ಒಡತಿ, ಅವರ ಅತ್ತೆ, ಬ್ಯೂಲಿಯ ಮಠದಲ್ಲಿ ಆಶ್ರಯ ಪಡೆದಿದ್ದಳು. ಬರೆಯುವ ಗುಮಾಸ್ತರು ಕೂಡ ಇಲ್ಲದೆ ತಾನೇ ಕೈಯಾರೆ ದೊರೆಗೂ ಅವನ ಸೋದರರಿಗೂ ಪತ್ರಗಳನ್ನು ಬರೆದುಕೊಂಡುದಾಗಿ ಅವಳು ಪಾರ್ಲಿಮೆಂಟಿಗೆ ಬಿನ್ನವಿಸಿದಳು. ೧೪೭೪ರಲ್ಲಿ ಅದೇ ಪಾರ್ಲಿಮೆಂಟು ಒಂದು ಶಾಸನವನ್ನು ಮಾಡಿ, ಈ ಹೆಂಗಸು ಈಗಾಗಲೇ ಸತ್ತಿದ್ದರೆ ಹೇಗೋ ಹಾಗೆಯೇ ಎಂದು ಭಾವಿಸಿ, ಅವಳ ಆಸ್ತಿಯನ್ನು ಅಳಿಯಂದಿರಿಬ್ಬರಿಗೆ ಹಂಚಿಕೊಟ್ಟಿತು. ಅವಳು ಬದುಕಿದ್ದಳು; ಇನ್ನೂ ಹದಿನೆಂಟು ವರ್ಷ, ೧೪೯೨ರವರೆಗೆ ಬದುಕಿದ್ದಳು. ಮಕ್ಕಳಿಬ್ಬರೂ ಅವಳಿಗಿಂತ ಮೊದಲೇ ತೀರಿಕೊಂಡರು. ೧೪೮೭ರಲ್ಲಿ ಏಳನೆಯ ಹೆನ್ರಿಯು ಆಸ್ತಿಯನ್ನು ಅವಳಿಗೆ ಹಿಂದಿರುಗಿಸಿದನು. ಆದರೆ ಅದರ ಬಹುಭಾಗವನ್ನು ಅವಳಿಂದಲೇ ಅರಮನೆಗೆ ಬರೆಯಿಸಿಕೊಳ್ಳುವುದಕ್ಕಾಗಿ ಹಾಗೆ ಮಾಡಿದನು.

ಕಾನೂನು ಅವಳನ್ನು ಸತ್ತವಳೆಂದಿತು. ಗುರಾಣಿ ಅವಳ ಕುಲವನ್ನು ಮೊದಲ ಪಾಲಿನಲ್ಲಿ ಇಟ್ಟುಕೊಂಡಿತು. ಇವೆರಡೂ ವಿರೋಧವೆಂದು ಮೊದಲ ನೋಟಕ್ಕೆ ತೋರುವುದು ಸಹಜ. ಆದರೆ ಸ್ವಲ್ಪ ಯೋಚಿಸಿದರೆ ಎರಡರ ನ್ಯಾಯವೂ ಒಂದೇ ಎಂದು ತಿಳಿಯುತ್ತದೆ. ಎರಡಕ್ಕೂ ಅವಳು ಭೂಮಿಯು ದಾಟಿಹೋದ ಸೇತುವೆ; ದಾಟಿದ ಬಳಿಕ ಸೇತುವೆಯ ಕ್ಷೇಮವನ್ನು ವಿಚಾರಿಸುವವರಿಲ್ಲ. ಇಂಗ್ಲೆಂಡಿನ ಲಾಂಛನಾಧಿಕಾರಿಗಳ ಸಂಸ್ಥೆಗೆ ೧೪೮೪ರಲ್ಲಿ ಮೊದಲ ಸನ್ನದನ್ನು ಕೊಟ್ಟ ದೊರೆ ಮೂರನೆಯ ರಿಚರ್ಡ್. ಅತ್ತೆಯನ್ನು ಸತ್ತವಳೆಂದು ಎಣಿಸಿ ಆಸ್ತಿಯನ್ನು ಹಂಚಿಕೊಂಡ ಗ್ಲಾಸ್ಟರನೇ ಅವನು.

ಆ ಸಂಸ್ಥೆಯವರು ೧೫೩೦ರಿಂದ ಸುಮಾರು ಒಂದೂವರೆ ಶತಮಾನದವರೆಗೆ ಪ್ರಾಂತ ಪ್ರಾಂತಗಳಲ್ಲಿ ಸಂಚರಿಸಿ, ಯಾರ ಲಾಂಛನ ಸಾಧು, ಯಾರದು ಸುಳ್ಳು ಎಂದು ವಂಶಾವಳಿಗಳನ್ನು ಪರೀಕ್ಷಿಸಿದರು. ಕಾಲಕ್ರಮದಲ್ಲಿ ಪಾಲುಗಳನ್ನು ಹೆಚ್ಚಿಸಿಕೊಳ್ಳುವುದೇ ಒಂದು ಹವ್ಯಾಸವಾಯಿತು. ೧೯ನೆಯ ಶತಮಾನದ ಪೂರ್ವಾರ್ಧದಲ್ಲಿ ಸ್ಟೋ ಎಂಬ ಅರಮನೆಯಲ್ಲಿ ಗ್ರೆನ್‌ವಿಲ್ ಮನೆತನದ ಒಬ್ಬ ಶ್ರೀಮಂತನು ತನ್ನ ವಂಶದ ಲಾಂಛನವನ್ನು ಬರೆಯಿಸಿದನು. ಅದರಲ್ಲಿ ೭೧೯ ಪಾಲುಗಳು! ಮುಂದೆ ಬಕಿಂಗ್‌ಹ್ಯಾಮಿನ ಎರಡನೆಯ ಡ್ಯೂಕ್ ಎನಿಸಿದ ಆತನು ಸಾಲದಲ್ಲಿ ಮುಳುಗಿ, ೧೮೪೮ರಲ್ಲಿ ಅರಮನೆಯ ಸಾಮಾನುಗಳನ್ನೆಲ್ಲ ನಲವತ್ತು ದಿನ ಹರಾಜಿಗಿಡಬೇಕಾಯಿತು. ಭೂಮಿ ಬಂದ ದಾರಿಯನ್ನೆಲ್ಲ ಗುರಾಣಿ ಬರೆದಿಟ್ಟಿತ್ತು. ಹೋಗುವ ದಾರಿಯನ್ನು ಬರೆಯುವುದಕ್ಕೆ ಅದರಲ್ಲಿ ಏರ್ಪಾಟಿರಲಿಲ್ಲ.

ಈ ಶಾಸ್ತ್ರವು ಇನ್ನೂ ಸತ್ತಿಲ್ಲ. ಮದುವೆಯ ಕಾನೂನು ಬದಲಾದಂತೆ ಅದೂ ಬದಲಾಗುತ್ತದೆ. ಇಬ್ಬರು ಗಂಡಸರ ಅಥವಾ ಇಬ್ಬರು ಹೆಂಗಸರ ವಿವಾಹವನ್ನು ಒಪ್ಪುವ ಕಾಯಿದೆಯು ೨೦೧೪ರಲ್ಲಿ ಇಂಗ್ಲೆಂಡಿನಲ್ಲಿ ಜಾರಿಗೆ ಬಂದಾಗ, ಅಂಥವರ ಗುರಾಣಿಗಳನ್ನು ಜೋಡಿಸುವ ಕ್ರಮವನ್ನೂ ಆ ಸಂಸ್ಥೆ ಗೊತ್ತುಮಾಡಿತು. ಗುರಾಣಿಯು ತನ್ನಷ್ಟಕ್ಕೆ ತಾನು ಏನನ್ನೂ ನಿರ್ಣಯಿಸುವುದಿಲ್ಲ. ಸಮಾಜವು ಯಾವುದನ್ನು ಸಂಬಂಧವೆಂದು ಎಣಿಸುತ್ತದೆಯೋ ಅದನ್ನು ಬರೆದುಕೊಳ್ಳುತ್ತದೆ.

ನಮ್ಮಲ್ಲಿ ಕೆಲವರು ಮುಂದೆಂದಾದರೂ ಆ ದೇಶಕ್ಕೆ ಹೋಗಿ, ಹಳೆಯ ದೇವಾಲಯಗಳ ಬಣ್ಣದ ಗಾಜಿನ ಕಿಟಕಿಗಳ ಮುಂದೆ ನಿಂತಾರು. ಅಲ್ಲಿ ನಾಲ್ಕೋ ಎಂಟೋ ಪಾಲುಗಳ ಗುರಾಣಿಯೊಂದು ಬಿಸಿಲಿಗೆ ಹೊಳೆಯುತ್ತಿದ್ದರೆ ಅದರ ವೈಭವವನ್ನು ಮೆಚ್ಚಲು ಅಡ್ಡಿಯಿಲ್ಲ. ಆದರೆ ಒಂದು ಪಾಲಿನ ಮೇಲೆ ಬೆರಳಿಟ್ಟು, ಈ ಮನೆಯ ಹುಡುಗಿ ಯಾರು, ಅವಳ ಅಣ್ಣತಮ್ಮಂದಿರು ಏನಾದರು, ಇದನ್ನು ತಂದವಳನ್ನು ತಂದಮೇಲೆ ಹೇಗೆ ನಡೆಸಿಕೊಂಡರು ಎಂದು ಕೇಳಬೇಕು. ಗುರಾಣಿಯು ಅವಳ ತಂದೆಯ ಕುಲವನ್ನು ಹೇಳುತ್ತದೆ. ಅವಳ ಹೆಸರನ್ನು ಹೇಳುವುದಿಲ್ಲ. ಅದನ್ನು ಹುಡುಕಿ ಹೇಳುವ ಕೆಲಸ ಚರಿತ್ರೆಯನ್ನು ಓದುವವರದು.